ಕೊಲಾಬಾದಲ್ಲಿ ಹಳಿ ಹುಡುಕುತ್ತಾ, ಮೀನು ಕೊಳ್ಳುತ್ತಾ

ಮುಂಬಯಿಯ ಲೋಕಲ್ ರೈಲಿನಲ್ಲಿ ಬೆಳಗಿನ ನಾಲ್ಕು ಗಂಟೆಗೂ ಒಂದು ಗದ್ದಲ ಇರುತ್ತದೆ, ಆದರೆ ಅದು ಆಫೀಸಿನವರದ್ದಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ ಅಂಧೇರಿಯಲ್ಲಿ ಚರ್ಚ್‌ಗೇಟ್ ಕಡೆಯ ಗಾಡಿ ಹತ್ತಿದಾಗ ಪಕ್ಕದ ಲಗೇಜ್ ಡಬ್ಬಾ ತುಂಬಾ ಬುಟ್ಟಿಗಳಿದ್ದವು. ಎಲ್ಲ ಖಾಲಿ. ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಮೀನುಗಾರ ಕೋಳಿ ಸಮುದಾಯದ ಹೆಂಗಸರು ತೂಕಡಿಸುತ್ತಿದ್ದರು. ಕಚ್ಚೆ ಹಾಕಿ ಉಟ್ಟ ಸೀರೆ, ಮುಡಿಯಲ್ಲಿ ಅಬ್ಬಲಿಗೆ, ಕೈತುಂಬ ಬಳೆ, ಒಬ್ಬಾಕೆಯ ಕೈಯಲ್ಲಿ ಮೊಬೈಲು. ಅದರಲ್ಲಿ ಯಾರೋ ಇವತ್ತಿನ ಪಾಪ್ಲೇಟಿನ ದರ ಕೂಗಿ ಹೇಳುತ್ತಿದ್ದರು.

ಚರ್ಚ್‌ಗೇಟ್‌ನಲ್ಲಿ ಹಳಿ ಮುಗಿಯುತ್ತದೆ. ಗೋಡೆಗೆ ಮುಖ ಮಾಡಿ ಗಾಡಿ ನಿಲ್ಲುತ್ತದೆ, ಮುಂದೆ ರಸ್ತೆ. ಮೂವತ್ತು ವರ್ಷ ಇದೇ ನಿಲ್ದಾಣದಲ್ಲಿ ಇಳಿದು ಹತ್ತಿದ ನನಗೆ, ಇದು ಮೊದಲಿಂದಲೂ ಕೊನೆಯ ನಿಲ್ದಾಣವೇ ಆಗಿತ್ತೆಂಬ ನಂಬಿಕೆ. ಅದು ತಪ್ಪು. ಹಳಿ ಇನ್ನೂ ಮುಂದಕ್ಕೆ, ಸಮುದ್ರದ ಅಂಚಿನಲ್ಲೇ ಕೊಲಾಬಾದವರೆಗೆ ಹೋಗುತ್ತಿತ್ತು. ಒಂದು ಕಾಲದಲ್ಲಿ ಬೇರೆಯೇ ದ್ವೀಪವಾಗಿದ್ದ, ಮೀನುಗಾರರ ಊರಾಗಿದ್ದ, ಇಂಗ್ಲಿಷರು ಗಾಳಿ ಬದಲಾವಣೆಗೆಂದು ಹೋಗುತ್ತಿದ್ದ ಕೊಲಾಬಾಕ್ಕೆ ರೈಲು ಬಂದದ್ದು, ಹೋದದ್ದು, ಈಗ ಮತ್ತೆ ಬಂದದ್ದು ಒಂದು ಕಥೆ. ಹಳಿಯ ಗುರುತು ಹುಡುಕೋಣ ಎಂದೇ ಹೊರಟದ್ದು. ಆದರೆ ಬುಟ್ಟಿಯವರು ನಾಲ್ಕು ನಾಲ್ಕು ಜನ ಸೇರಿ ಟ್ಯಾಕ್ಸಿ ಹಿಡಿಯುವುದನ್ನು ನೋಡಿ ನಾನೂ ಅವರ ಹಿಂದೆಯೇ ಹೋದೆ. ಹಳಿ ಎಲ್ಲಿಗೆ ಓಡಿಹೋಗುತ್ತದೆ, ಮೊದಲು ಮೀನು.

ಕೊಲಾಬಾದ ಮೀನು ಬಂದರು ಸಸೂನ್ ಡಾಕ್‌ನ ಗಡಿಯಾರದ ಗೋಪುರ ದಾಟಿದರೆ ನೆಲ ಒದ್ದೆ. ನಮ್ಮ ಕರಾವಳಿಯವರು ‘ಧಕ್ಕೆ’ ಎನ್ನುವುದು ಇದಕ್ಕೇ. ಮುಂಬಯಿಯವರೂ ‘ಧಕ್ಕಾ’ ಎನ್ನುತ್ತಾರೆ. ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಹಿಂದಿನ ಬೋಟಿನ ಮೀನು ಮುಂದಿನ ಬೋಟಿನ ಮೇಲಿಂದ ಕೈಯಿಂದ ಕೈಗೆ ದಾಟಿ ಬರಬೇಕು. ಬುಟ್ಟಿಯನ್ನು ಕೆಳಗಿನವನು ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ನಾನು ನೋಡಿದ ಅರ್ಧ ಗಂಟೆಯಲ್ಲಿ ಒಂದೂ ತಪ್ಪಲಿಲ್ಲ. ಐಸು ಪುಡಿ ಮಾಡುವ ಯಂತ್ರದ ಗರಗರ, ತಳ್ಳುಗಾಡಿಯವನ ‘ಬಾಜೂ, ಬಾಜೂ’. ಪಕ್ಕಕ್ಕೆ ಸರಿಯದಿದ್ದರೆ ಅವನು ನಿಲ್ಲುವುದಿಲ್ಲ. ನನ್ನ ಪ್ಯಾಂಟಿಗೆ ಅದರ ಸಾಕ್ಷಿ ಅಂಟಿತು.

ಹರಾಜು ಎಂದರೆ ದೊಡ್ಡ ಕೂಗಾಟ ಎಂದುಕೊಂಡಿದ್ದೆ. ಕೂಗಾಟ ಇದೆ, ಆದರೆ ವ್ಯವಹಾರ ಮುಗಿಯುವುದು ಕಣ್ಣಲ್ಲಿ. ಬಂಗುಡೆಯ ರಾಶಿಯ ಮುಂದೆ ನಿಂತ ಹೆಂಗಸು ಬೆಲೆ ಏರಿಸುತ್ತಾ ಹೋಗುತ್ತಾಳೆ, ಸುತ್ತ ಹತ್ತು ಜನ ಸುಮ್ಮನೆ ನಿಂತಿರುತ್ತಾರೆ. ಒಬ್ಬಳು ಗಲ್ಲ ಚೂರು ಎತ್ತುತ್ತಾಳೆ, ಆಯಿತು. ರಾಶಿ ಅವಳದು. ಯಾರು ಗಲ್ಲ ಎತ್ತಿದ್ದು ಎಂದು ನನಗೆ ಒಮ್ಮೆಯೂ ತಿಳಿಯಲಿಲ್ಲ, ಅವರಿಗೆ ಒಮ್ಮೆಯೂ ಅನುಮಾನ ಬರಲಿಲ್ಲ. ನಮ್ಮ ಅಂಜಲ್ ಇಲ್ಲಿ ಸುರ್ಮಯಿ, ನಮ್ಮ ಮಾಂಜಿ ಪಾಪ್ಲೇಟ್, ಬಂಗುಡೆ ಮಾತ್ರ ಸ್ವಲ್ಪ ನಾಲಗೆ ತಿರುಗಿಸಿ ಬಾಂಗ್ಡಾ. ಬೊಂಬಿಲ್‌ಗೆ ಮಾತ್ರ ನಮ್ಮ ಅಡುಗೆಮನೆಯಲ್ಲಿ ಜೋಡಿ ಇಲ್ಲ: ಬಿಳುಚಿದ, ಎಲುಬೇ ಇಲ್ಲದಂತೆ ಜೋಲುವ, ಬಾಯಿ ತೆರೆದೇ ಸತ್ತ ಮೀನು. ಮೈತುಂಬ ನೀರು. ಅದನ್ನು ಹಲಗೆಗಳ ನಡುವೆ ಒತ್ತಿ ನೀರು ಹಿಂಡಿ, ರವೆಯಲ್ಲಿ ಹೊರಳಿಸಿ ಹುರಿದರೆ ಆಮೇಲೆ ಗೊತ್ತಾಗುತ್ತದೆ ಈ ಊರಿನವರು ಅದಕ್ಕೆ ಯಾಕೆ ಪ್ರಾಣ ಬಿಡುತ್ತಾರೆಂದು.

ಇಂಗ್ಲಿಷರು ಬೊಂಬಿಲ್‌ಗೆ ‘ಬಾಂಬೆ ಡಕ್’ ಎಂದು ಹೆಸರಿಟ್ಟರು. ಒಣಗಿಸಿದ ಬೊಂಬಿಲ್ ಹೊತ್ತ ‘ಬಾಂಬೆ ಡಾಕ್’ ಎಂಬ ಟಪಾಲು ರೈಲು ಊರೂರಿಗೆ ನಾತ ಹರಡುತ್ತಿತ್ತು, ಡಾಕ್ ಹೋಗಿ ಡಕ್ ಆಯಿತು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ರೈಲಿಗೂ ಮೀನಿಗೂ ಗಂಟು ಹಾಕುವ ಚಂದದ ಕಥೆ. ನನ್ನ ಲೇಖನಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಸುಳ್ಳು. ಬೋರಿಬಂದರದಿಂದ ಮೊದಲ ರೈಲು ಹೊರಟದ್ದು 1853ರಲ್ಲಿ, ಆ ಹೆಸರು ಅದಕ್ಕೂ ದಶಕಗಳ ಮೊದಲೇ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಮೀನಿನ ಹೆಸರಿಟ್ಟುಕೊಂಡ ರೈಲು ಬೇಕೆಂದರೆ ನಮ್ಮದೇ ಇದೆಯಲ್ಲ. ಕೊಂಕಣ ರೈಲು ಪೂರ್ತಿಯಾದ 1998ರಿಂದ ಕುರ್ಲಾ–ಮಂಗಳೂರು ನಡುವೆ ಓಡುವ ಮತ್ಸ್ಯಗಂಧಾ. ಸತ್ಯವತಿಯ ಹೆಸರನ್ನು ರೈಲಿಗಿಟ್ಟವರಿಗೆ ಕರಾವಳಿಯ ಮೂಗು ಚೆನ್ನಾಗಿ ಗೊತ್ತಿತ್ತು.

ಧಕ್ಕೆಯ ಒಂದು ಬದಿಗೆ ಸಿಗಡಿ ಸುಲಿಯುವವರ ಸಾಲು. ಮನೆಗೆ ಫೋನ್ ಮಾಡಿ ‘ಚಟ್ಲಿ ತರ್ಲಾ?’ ಎಂದು ಕೇಳುತ್ತಿದ್ದೆ. ಕೆಳಗೆ ಕೂತಿದ್ದ ಹೆಂಗಸು ತಲೆಯೆತ್ತಿದಳು.

“ಯಾ ಊರ್ರಿ ನಿಮ್ದು?”

“ಕುಂದಾಪುರ ಕಡೆ ಅಮ್ಮಾ.”

“ಅದೆಲ್ಲಿ ಬರತೈತ್ರಿ? ಮಂಗಳೂರ ಕಡೇನ?”

ಹೌದೆಂದೆ. ಅವಳದು ಇಂಡಿ ತಾಲೂಕಿನ ಒಂದು ತಾಂಡಾ. ಗಂಡ ಕಟ್ಟಡದ ಕೆಲಸಕ್ಕೆ ಬಂದವನು. ಕಫ್ ಪರೇಡ್‌ನ ಜೋಪಡಿಯಲ್ಲಿ ಮನೆ. ಅಲ್ಲಿನ ಓಣಿಗಳಲ್ಲಿ ವಿಜಯಪುರ, ಕಲಬುರ್ಗಿ ಕಡೆಯ ಲಂಬಾಣಿ ಸಂಸಾರಗಳು ಬಹಳ. “ನೀವು ಸಮುದ್ರದ ದಂಡಿ ಮಂದಿ, ನಿಮಗ ಇದೆಲ್ಲಾ ಗೊತ್ತಿರಬೇಕ್ರಿ. ನಾವು ಊರಾಗ ಮೀನ ನೋಡಿದ್ದು ಹಳ್ಳದಾಗಷ್ಟ. ಸಮುದ್ರ ನೋಡಿದ್ದ ಇಲ್ಲಿಗಿ ಬಂದ ಮ್ಯಾಲ” ಎಂದಳು. ಹೇಳುತ್ತಲೇ ಕೈ ಓಡುತ್ತಿತ್ತು: ಎಡಗೈಯಲ್ಲಿ ಸಿಗಡಿಯ ಮೈ, ಬಲಗೈ ಹೆಬ್ಬೆರಳಿನಿಂದ ತಲೆಗೆ ಒಂದು ತಿರುವು, ಹೊಟ್ಟೆಯ ಕಡೆಯಿಂದ ಸಿಪ್ಪೆಗೆ ಒಂದು ಎಳೆತ, ಬಾಲದ ಹತ್ತಿರ ಚಿವುಟು, ಬುಟ್ಟಿಗೆ. ಮೂರು ಎಣಿಸುವಷ್ಟರಲ್ಲಿ ಒಂದು. ಕಡಲ ಮಗನೆಂಬ ಹಮ್ಮಿನಲ್ಲಿ ನಾನೂ ಒಂದು ಸುಲಿದೆ. ಅರ್ಧ ಮಾಂಸ ಸಿಪ್ಪೆಯಲ್ಲೇ ಉಳಿಯಿತು. ಸಾಲಿನ ಕೊನೆಯವರೆಗೂ ನಗೆ ಹರಿಯಿತು.

ಕೂಲಿ ಕಿಲೋ ಲೆಕ್ಕದಲ್ಲಿ. ಹೆಬ್ಬೆರಳಿಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದಳು. ಬಿಚ್ಚಿ ತೋರಿಸಿದಳು: ಐಸುನೀರಿಗೂ ಸಿಪ್ಪೆಯ ಮುಳ್ಳಿಗೂ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಎದ್ದುಬಂದಿತ್ತು. “ಮಳಿಗಾಲದಾಗ ಎರಡ ತಿಂಗಳ ಬಂದ್ ಇರತೈತಲ್ರಿ, ಆವಾಗ ಮಾಯತೈತಿ” ಎಂದು ಮತ್ತೆ ಸುತ್ತಿಕೊಂಡಳು. ಆ ಎರಡು ತಿಂಗಳು ಹೊಟ್ಟೆಗೇನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಈ ಧಕ್ಕೆ ಕಟ್ಟಿದ್ದು ಮೀನಿಗಲ್ಲ, ಹತ್ತಿಗೆ. ಬಾಗ್ದಾದಿನಿಂದ ಬಂದ ಯಹೂದಿ ಮನೆತನದ ಆಲ್ಬರ್ಟ್ ಸಸೂನ್ 1875ರಲ್ಲಿ ಸಮುದ್ರಕ್ಕೆ ಮಣ್ಣು ತುಂಬಿಸಿ ಕಟ್ಟಿಸಿದ. ಪಶ್ಚಿಮ ಭಾರತದಲ್ಲಿ, ಇಳಿತವಿದ್ದಾಗಲೂ ಹಡಗು ತೇಲಿ ನಿಲ್ಲುವಂಥ ಮೊದಲ ಧಕ್ಕೆ ಇದು. ನಾಲ್ಕೇ ವರ್ಷಕ್ಕೆ, 1879ರಲ್ಲಿ, ಬಂದರಿನ ಟ್ರಸ್ಟ್ ಕೈಸೇರಿತು. ಹತ್ತಿಯ ಪೇಟೆ ಇನ್ನೂ ಮೊದಲೇ, 1844ರಲ್ಲಿ, ಕೋಟೆಯ ಒಳಗಿಂದ ಕೊಲಾಬಾಕ್ಕೆ ಬಂದಿತ್ತು. ಅದರ ಹೆಸರು ಕಾಟನ್ ಗ್ರೀನ್. ಮುಂದೆ ಪೇಟೆ ಶಿವಡಿಯ ಕಡೆಗೆ ಎದ್ದು ಹೋದಾಗ ಹೆಸರನ್ನೂ ಗಂಟು ಕಟ್ಟಿಕೊಂಡೇ ಹೋಯಿತು. ಹಾರ್ಬರ್ ಲೈನಿನಲ್ಲಿ ಈಗಲೂ ಆ ಹೆಸರಿನ ನಿಲ್ದಾಣವಿದೆ, ಹತ್ತಿಯೂ ಇಲ್ಲ ಹಸಿರೂ ಇಲ್ಲ.

ಏಳು ದ್ವೀಪಗಳ ಮುಂಬಯಿಯಲ್ಲಿ ತೀರ ದಕ್ಷಿಣದ್ದು ಕೊಲಾಬಾ. ಅದಕ್ಕೂ ಕೋಟೆಗೂ ನಡುವೆ ಇನ್ನೊಂದು ಪುಟ್ಟ ದ್ವೀಪ, ‘ಮುದುಕಿಯ ದ್ವೀಪ’ ಎಂದೇ ಇಂಗ್ಲಿಷರು ಕರೆದದ್ದು. ಕೋಳಿಗಳ ಊರಾದ್ದರಿಂದ ‘ಕೋಳಭಾತ್’, ಅದೇ ಕೊಲಾಬಾ ಎನ್ನುತ್ತಾರೆ. 18ನೇ ಶತಮಾನದಲ್ಲಿ ಇಡೀ ಕೊಲಾಬಾವನ್ನು ವರ್ಷಕ್ಕೆ 200 ರೂಪಾಯಿಯ ಗೇಣಿಗೆ ಒಬ್ಬ ಇಂಗ್ಲಿಷನಿಗೆ ಕೊಟ್ಟಿದ್ದರು. ಇವತ್ತು ಅಲ್ಲಿ ಆ ದುಡ್ಡಿಗೆ ಎರಡು ಕಪ್ ಕಾಫಿ ಬಂದರೆ ಪುಣ್ಯ. ದೋಣಿ ವಿಹಾರ, ಗಾಳ ಹಾಕುವುದು, ಸಮುದ್ರದ ಗಾಳಿ – ಕೋಟೆಯೊಳಗೆ ಬೇಯುತ್ತಿದ್ದ ಇಂಗ್ಲಿಷರಿಗೆ ಕೊಲಾಬಾ ರಜೆಯ ಊರು. ಇಳಿತವಿದ್ದಾಗ ಕಲ್ಲಿನ ಮೇಲೆ ನಡೆದು ದಾಟಬೇಕಿತ್ತು, ಹೊತ್ತು ತಪ್ಪಿದರೆ ದೋಣಿ. ದೋಣಿಗೆ ಕಾಯದೆ ಭರತದಲ್ಲಿ ಸಿಕ್ಕಿ ಮುಳುಗಿದವರೂ ಉಂಟು. 1838ರಲ್ಲಿ ಕಲ್ಲಿನ ಕಟ್ಟೆರಸ್ತೆ, ಅಂದರೆ ಇವತ್ತಿನ ಕೊಲಾಬಾ ಕಾಸ್‌ವೇ, ಪೂರ್ತಿಯಾಯಿತು. ದ್ವೀಪ ದ್ವೀಪವಾಗಿ ಉಳಿಯಲಿಲ್ಲ, ನೆಲಕ್ಕೆ ಬೆಲೆ ಬಂತು. ಕೊಲಾಬಾದ ಮುಂದಿನ ಕಥೆಯೆಲ್ಲ ಈ ಬೆಲೆಯದೇ.

ಬೆಲೆ ಬರುವ ಮೊದಲು ಅಲ್ಲಿ ನೆಲೆಸಿದ ಒಂದು ಸಂಸ್ಥೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1826ರಲ್ಲಿ ಕಂಪನಿ ಸರಕಾರ ಕೊಲಾಬಾದಲ್ಲಿ ವೀಕ್ಷಣಾಲಯ ಕಟ್ಟಿತು. 1841ರಿಂದ ಅಲ್ಲಿ ಭೂಮಿಯ ಕಾಂತಶಕ್ತಿಯನ್ನು ಅಳೆಯುತ್ತಿದ್ದರು. 1859ರ ಸೆಪ್ಟೆಂಬರ್ ಮೊದಲಲ್ಲಿ ಸೂರ್ಯನಿಂದ ಎದ್ದ ಮಹಾ ಬಿರುಗಾಳಿ ಭೂಮಿಗೆ ಬಡಿದು ಯುರೋಪು, ಅಮೆರಿಕದ ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿಸಿತು. ಆವತ್ತು ಕೊಲಾಬಾದ ಸೂಜಿ ಸುಮಾರು 1600 ನ್ಯಾನೊಟೆಸ್ಲಾ ಕೆಳಗಿಳಿದದ್ದನ್ನು ಇಲ್ಲಿನವರು ಬರೆದಿಟ್ಟರು. ಜಗತ್ತಿನ ವಿಜ್ಞಾನಿಗಳು ಆ ಪುಟಗಳನ್ನು ಈಗಲೂ ಓದುತ್ತಾರೆ. ಅಂಥ ಅಳತೆಯ ಕೆಲಸವನ್ನು ಅಲ್ಲಿಂದ ಎಬ್ಬಿಸಿದ್ದು ಹಳಿ! ಕುದುರೆ ಎಳೆಯುತ್ತಿದ್ದ ಟ್ರಾಮ್ 1874ರಿಂದ ಇತ್ತು, ಕುದುರೆಯಿಂದ ಸೂಜಿಗೇನೂ ತೊಂದರೆಯಿಲ್ಲ. ವಿದ್ಯುತ್ ಟ್ರಾಮ್ ಬರುತ್ತದೆಂದು ಗೊತ್ತಾದ ಕೂಡಲೇ, ಅದು ಸೂಜಿಯನ್ನು ಕೆಡಿಸುತ್ತದೆಂದು, 1904ರಲ್ಲಿ ಕಾಂತಮಾಪನವನ್ನು ಕೊಲ್ಲಿಯ ಆಚೆ ಅಲಿಬಾಗ್‌ಗೆ ಸಾಗಿಸಿದರು. ಟ್ರಾಮ್ ಓಡಿದ್ದು 1907ರಲ್ಲಿ. ಅದಕ್ಕಾದರೂ ಊರು ಶಾಶ್ವತವಾಯಿತೇ? 1964ರ ಮಾರ್ಚ್ 31ರ ರಾತ್ರಿ ಮುಂಬಯಿಯ ಕೊನೆಯ ಟ್ರಾಮೂ ನಿಂತಿತು.

ಇನ್ನು ನಾನು ಹುಡುಕಿ ಬಂದ ದೊಡ್ಡ ಹಳಿ. ಗುಜರಾತಿನ ಹತ್ತಿ ತರುತ್ತಿದ್ದ ಬಿ.ಬಿ. ಅಂಡ್ ಸಿ.ಐ. ರೈಲು ಕಂಪನಿ – ಈಗಿನ ಪಶ್ಚಿಮ ರೈಲ್ವೆಯ ಹಿರೀಕ – ಚರ್ಚ್‌ಗೇಟ್‌ನಿಂದ ಕೊಲಾಬಾಕ್ಕೆ ಹಳಿ ಮುಂದುವರಿಸಿದ್ದು 1873ರಲ್ಲಿ. 1896ರಲ್ಲಿ ಗಟ್ಟಿಮುಟ್ಟಾದ ಟರ್ಮಿನಸ್ ಕಟ್ಟಡ ಎದ್ದಿತು. ಆಗ ಹಳಿಯ ಪಶ್ಚಿಮಕ್ಕೆ ಬರೀ ನೀರು. ಕಿಟಕಿಯಲ್ಲಿ ಕೂತರೆ ಅರಬ್ಬಿ ಸಮುದ್ರ. 1928ರ ಜನವರಿಯಲ್ಲಿ ಕೊಲಾಬಾ–ಬೋರಿವಲಿ ನಡುವೆ ವಿದ್ಯುತ್ ರೈಲು ಶುರುವಾಯಿತು. ಅದೇ ಸೆಪ್ಟೆಂಬರ್ 1ರಂದು ಪೆಶಾವರದ ಫ್ರಾಂಟಿಯರ್ ಮೇಲ್ ಓಡತೊಡಗಿತು. ವಿಲಾಯತಿಯ ಟಪಾಲು ಹಡಗು ಬರುವ ಕಾಲದಲ್ಲಿ ಬಲ್ಲಾರ್ಡ್ ಪಿಯರ್‌ನಿಂದ, ಉಳಿದಂತೆ ಕೊಲಾಬಾದಿಂದ. ಕೋಳಿಗಳ ದ್ವೀಪದಲ್ಲಿ ಹತ್ತಿ ಖೈಬರ್ ಕಣಿವೆಯ ಬಾಯಲ್ಲಿ ಇಳಿಯಬಹುದಿತ್ತು.

ಎರಡೂವರೆ ವರ್ಷಕ್ಕೆ ಎಲ್ಲ ಮುಗಿಯಿತು. ಬ್ಯಾಕ್ ಬೇ ತುಂಬಿಸಿ ನೆಲ ಮಾಡುವ ಸರಕಾರದ ಮಹಾ ಯೋಜನೆಗೆ ಹಳಿ ಅಡ್ಡವಾಗಿತ್ತು. ಗವರ್ನರ್ ಜಾರ್ಜ್ ಲಾಯ್ಡ್ ಹಟ ಹಿಡಿದು ಶುರುಮಾಡಿದ ಆ ಕೆಲಸದಲ್ಲಿ ದುಡ್ಡು ನೀರಿನಂತೆ ನೀರಿಗೇ ಹೋಯಿತು. ಕೆ.ಎಫ್. ನಾರಿಮನ್ ಅದನ್ನು ಬಯಲಿಗೆಳೆದರು. ಯೋಜನೆ ಅರ್ಧಕ್ಕೆ ನಿಂತಿತು. ತೆಗೆಯಬೇಕೆಂದಿದ್ದ ಹಳಿಯನ್ನು ಮಾತ್ರ ತೆಗೆದೇ ತೆಗೆದರು. 1930ರ ಡಿಸೆಂಬರ್ 18ರಂದು ಬಾಂಬೆ ಸೆಂಟ್ರಲ್ ತೆರೆಯಿತು, ಡಿಸೆಂಬರ್ 31ರಂದು ಕೊಲಾಬಾ ಮುಚ್ಚಿತು.

ಸಮುದ್ರದ ನಡುವಿನ ಊರಿಗೆ ಹೋದ ಹಳಿಗಳಿಗೆ ಆಯುಷ್ಯ ಕಡಿಮೆ. ಅಮೆರಿಕದ ಫ್ಲೋರಿಡಾದಲ್ಲಿ ಹೆನ್ರಿ ಫ್ಲ್ಯಾಗ್ಲರ್ ಎಂಬ ಕುಬೇರ ದ್ವೀಪದಿಂದ ದ್ವೀಪಕ್ಕೆ ಸೇತುವೆ ಹಾಕುತ್ತಾ 1912ರಲ್ಲಿ ಕೀ ವೆಸ್ಟ್‌ಗೆ ರೈಲು ಒಯ್ದ. 1935ರ ಚಂಡಮಾರುತ ಕಿತ್ತುಕೊಂಡು ಹೋಯಿತು. ನಮ್ಮ ಧನುಷ್ಕೋಟಿಯ ಹಳಿ 1964ರ ಡಿಸೆಂಬರಿನ ಒಂದೇ ರಾತ್ರಿಯಲ್ಲಿ ರೈಲಿನ ಸಮೇತ ಹೋಯಿತು. ಅಲ್ಲೆಲ್ಲ ಕಡಲು ನುಂಗಿದ್ದು. ಕೊಲಾಬಾದ ಹಳಿಗೆ ಕಡಲು ಸುಮಾರು ಅರವತ್ತು ವರ್ಷ ಏನೂ ಮಾಡಲಿಲ್ಲ, ಅದನ್ನು ನುಂಗಿದ್ದು ನೆಲ.

ಬಿಸಿಲೇರುವ ಹೊತ್ತಿಗೆ ಟರ್ಮಿನಸ್ ಇದ್ದ ಜಾಗಕ್ಕೆ ನಡೆದೆ. ಈಗ ಅಲ್ಲಿ ಬಧ್ವಾರ್ ಪಾರ್ಕ್, ರೈಲ್ವೆ ಅಧಿಕಾರಿಗಳ ವಸತಿ. ರೈಲ್ವೆ ಬೋರ್ಡಿನ ಮೊದಲ ಭಾರತೀಯ ಅಧ್ಯಕ್ಷ ಎಫ್.ಸಿ. ಬಧ್ವಾರ್ ಅವರ ಹೆಸರು. ಮರಗಳಿವೆ, ಗೇಟಿದೆ, ಕಾವಲಿನವನಿದ್ದಾನೆ. ಇಲ್ಲಿ ಹಿಂದೆ ರೈಲು ನಿಲ್ದಾಣ ಇತ್ತಂತಲ್ಲ ಎಂದು ಕೇಳಿದೆ. “ಇಲ್ಲ ಸಾಹೇಬ್, ಚರ್ಚ್‌ಗೇಟ್‌ಗೆ ಹೋಗಿ” ಎಂದು ದಾರಿ ತೋರಿಸಿದ. ಒಂದು ಕಂಬ, ಒಂದು ಹಲಗೆ, ಒಂದು ತುಂಡು ಹಳಿ ನನ್ನ ಕಣ್ಣಿಗೆ ಬೀಳಲಿಲ್ಲ. ನಿಲ್ದಾಣದ ಜಾಗ ರೈಲ್ವೆಯವರ ಕೈಯಲ್ಲೇ ಉಳಿದಿದೆ ಎನ್ನುವುದೊಂದೇ ಗುರುತು.

ಅದರ ಬೆನ್ನಿಗೇ ಮಚ್ಛೀಮಾರ್ ನಗರ. ಗೋಪುರದಂಥ ಕಟ್ಟಡಗಳ ನೆರಳಲ್ಲಿ ಕೋಳಿಗಳ ತಗ್ಗು ಮನೆಗಳು, ಬಲೆಯ ರಾಶಿ, ಹಗ್ಗದ ಮೇಲೆ ಬಾಯಿಗೆ ಬಾಯಿ ಸಿಕ್ಕಿಸಿ ಒಣಗಲು ಹಾಕಿದ ಬೊಂಬಿಲ್. 2008ರ ನವೆಂಬರ್ 26ರ ರಾತ್ರಿ ಹತ್ತು ಜನ ಭಯೋತ್ಪಾದಕರು ರಬ್ಬರ್ ದೋಣಿಯಲ್ಲಿ ಬಂದಿಳಿದದ್ದು ಈ ದಡಕ್ಕೇ. ನೀವು ಯಾರು, ಎಲ್ಲಿಂದ ಬಂದಿರಿ ಎಂದು ಅವರನ್ನು ಮೊದಲು ಕೇಳಿದವರು ಇಲ್ಲಿನ ಮೀನುಗಾರರು. ದಡಕ್ಕೆ ಬಂದ ದೋಣಿ ನಮ್ಮದೋ ಅಲ್ಲವೋ ಎಂದು ಒಂದು ನೋಟಕ್ಕೆ ಹೇಳಬಲ್ಲವರು ಬೇರೆ ಯಾರಿದ್ದಾರೆ? ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರ ಪಕ್ಕ ಸ್ವಲ್ಪ ಹೊತ್ತು ಕೂತೆ. ನೆಲ ತುಂಬಿಸಿದಷ್ಟೂ ಮೀನು ದೂರ ಹೋಗುತ್ತದೆ ಎಂದರು. ಅಪ್ಪನ ಕಾಲದಲ್ಲಿ ಹುಟ್ಟು ಹಾಕಿ ಹೋಗುತ್ತಿದ್ದಲ್ಲಿಗೆ ಈಗ ಹೋದರೆ ಡೀಸೆಲ್ಲಿನ ದುಡ್ಡೂ ಹುಟ್ಟುವುದಿಲ್ಲವಂತೆ. ನಮ್ಮವರ ಬಗ್ಗೆ ಹೇಳಿದೆ: ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದ ಮೊಗವೀರರು 1902ರಷ್ಟು ಹಿಂದೆಯೇ ಈ ಊರಿನಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದು, ನೂಲ ಹುಣ್ಣಿಮೆಗೆ ನಮ್ಮ ಕಡೆಯೂ ಕಡಲಿಗೆ ಹಾಲು, ತೆಂಗಿನಕಾಯಿ ಬಿಡುವುದು. “ನಮ್ಮ ನಾರಳೀ ಪೌರ್ಣಿಮೆಯೇ ಅದು. ಕಾಯಿ ಬೇರೆ ಬೇರೆ, ಸಮುದ್ರ ಒಂದೇ” ಎಂದರು, ಸೂಜಿಯಿಂದ ಕಣ್ಣೆತ್ತದೆ.

ರೈಲು ಮತ್ತೆ ಬಂದಿದೆ, ಈ ಸಲ ನೆಲದ ಅಡಿಯಿಂದ. 2025ರ ಅಕ್ಟೋಬರಿನಲ್ಲಿ ಮೆಟ್ರೊದ ಆಕ್ವಾ ಲೈನ್ ಕಫ್ ಪರೇಡ್ ಮುಟ್ಟಿತು. ಅಲ್ಲಿಂದ ಆರೆಯವರೆಗೆ 33.5 ಕಿಲೋಮೀಟರ್, 27 ನಿಲ್ದಾಣ. ಕಫ್ ಪರೇಡ್, ವಿಧಾನ ಭವನ, ಆಮೇಲೆ ಚರ್ಚ್‌ಗೇಟ್: ಹಳೆಯ ಕೊಲಾಬಾ ಹಳಿಯ ದಾರಿಯಲ್ಲೇ ಹೆಚ್ಚುಕಡಿಮೆ, ತೊಂಬತ್ತೈದು ವರ್ಷದ ಮೇಲೆ. ಮೆಟ್ಟಿಲಿಳಿದು ನೋಡಿದೆ. ಥಳಥಳ ನೆಲ, ತಣ್ಣನೆಯ ಗಾಳಿ, ವಾಸನೆಯೆಂಬುದೇ ಇಲ್ಲ. ನನ್ನ ಚೀಲದಲ್ಲಿ ಎರಡು ಕಿಲೋ ಬಂಗುಡೆ, ಒಂದಿಷ್ಟು ಚಟ್ಲಿ, ತಳದಲ್ಲಿ ಕರಗುತ್ತಿರುವ ಐಸು. ಯಾರೂ ತಡೆಯಲಿಲ್ಲ, ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ನನಗೇ ಯಾಕೋ ಕಾಲು ಏಳಲಿಲ್ಲ. ಮೆಟ್ಟಿಲು ಹತ್ತಿ ಹೊರಬಂದು, ಚರ್ಚ್‌ಗೇಟ್‌ವರೆಗೆ ಟ್ಯಾಕ್ಸಿ ಹಿಡಿದು, ಲೋಕಲ್ ಹತ್ತಿದೆ. ಲಗೇಜ್ ಡಬ್ಬಾದಲ್ಲಿ ಬೆಳಗಿನ ಬುಟ್ಟಿಗಳಂಥವೇ ಕೆಲವು ಬುಟ್ಟಿ ತುಂಬಿ ವಾಪಸು ಹೊರಟಿದ್ದವು.

ಮುಂಬಯಿಗೆ ಹೋದವರು ಗೇಟ್‌ವೇ ಮುಂದೆ, ತಾಜ್ ಮುಂದೆ ಫೋಟೊ ತೆಗೆಸಿಕೊಂಡು, ಕಾಸ್‌ವೇಯಲ್ಲಿ ಬಳೆ ಕೊಂಡು ತಿರುಗಿ ಬರುತ್ತೀರಿ. ಇನ್ನೊಂದೂವರೆ ಕಿಲೋಮೀಟರ್ ಮುಂದೆ ಹೋಗಿ. ಹಳೆಯ ಚಪ್ಪಲಿ ಹಾಕಿಕೊಳ್ಳಿ, ‘ಬಾಜೂ’ ಎಂದರೆ ಸರಿಯಿರಿ, ಕೇಳದೆ ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಆಗ ಹೋಗಿ ಪ್ರಯೋಜನವಿಲ್ಲ. ಉಳಿದ ದಿನಗಳಲ್ಲಿ ಐದು ಗಂಟೆಗೆ ಅಲ್ಲಿರಿ. ಬಿಸಿಲು ಬಂದ ಮೇಲೆ ಹೋದರೆ ಸಿಗುವುದು ಕರಗಿದ ಐಸು ಮಾತ್ರ.